ಸ್ಟೋರಿಗೊಂದು ಕಿಟಕಿ

ಅಣ್ಣನ ಹಾಸಿಗೆಯನ್ನು ಸುತ್ತಿ ಎದೆಗೆ ಅವಚಿಕೊಂಡು ಅವನು ಹಾಲ್‌ನ ನಡುವೆ ನಿಂತಿದ್ದ. ಎಲ್ಲಿಡಬೇಕೆಂದು ಹೊಳೆಯಲಿಲ್ಲ. ಹತ್ತೂವರೆಗೆ ಮನೆ ನೋಡುವವರು ಬರುವವರಿದ್ದರು, ಆಗಲೇ ಒಂಬತ್ತು ಮುಕ್ಕಾಲು. ಹಿಂದಿನ ಮೂರು ಸಲವೂ ಮನೆ ತೋರಿಸಿದ್ದು ದಲ್ಲಾಳಿ. ಇವತ್ತು ಬೆಳಿಗ್ಗೆ ಆತ ಫೋನು ಮಾಡಿ, ಬಚ್ಚಲಲ್ಲಿ ಜಾರಿ ಕಾಲು ಉಳುಕಿದೆ, ನೀವೇ ತೋರಿಸಿಬಿಡಿ ಸಾರ್, ನಿಮ್ಮ ಮನೆ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು ಎಂದಿದ್ದ. ಆಮೇಲೆ, ಚೆನ್ನಾಗಿ ಗೊತ್ತಿರುವವರೇ ವ್ಯಾಪಾರ ಕೆಡಿಸುವುದು ಎಂಬ ಅನುಭವ ಇದ್ದಿರಬೇಕು, ಒಂದೊಂದಾಗಿ ಬುದ್ಧಿ ಹೇಳಿದ. ಎಲ್ಲ ಕಿಟಕಿ ತೆಗೆದಿಡಿ. ಅಡುಗೆಮನೆ ಕೊನೆಗೆ ತೋರಿಸಿ, ಮನಸ್ಸು ಗಟ್ಟಿಯಾಗುವುದು ಅಲ್ಲೇ. ಕೇಳಿದ್ದಕ್ಕಷ್ಟೇ ಬಾಯಿ ಬಿಡಿ. ಯಾಕೆ ಮಾರುತ್ತಿದ್ದೀರಿ ಎಂದರೆ ಹೆಂಡತಿಯ ಕೆಲಸ ದೂರ ಎನ್ನಿ, ಅದು ಸುಳ್ಳೂ ಅಲ್ಲವಲ್ಲ. ಮತ್ತೆ ಅವರು, ಎಂದು ದಲ್ಲಾಳಿ ಒಂದು ಕ್ಷಣ ತಡೆದ. ಅವರು ಕಣ್ಣಿಗೆ ಬೀಳಬಾರದು ಸಾರ್, ತಪ್ಪು ತಿಳಿಯಬೇಡಿ, ಜನ ಮನೆ ನೋಡುವುದು ಬಿಟ್ಟು ಅವರನ್ನು ನೋಡುತ್ತಾರೆ.

ತಪ್ಪು ತಿಳಿಯುವುದೇನು ಬಂತು. ಮೊದಲ ಸಲ ಗಂಡಹೆಂಡಿರಿಬ್ಬರು ಮನೆ ನೋಡಲು ಬಂದಾಗ ಅಣ್ಣ ಇದೇ ಹಾಲ್‌ನಲ್ಲಿ ಕೂತಿದ್ದ. ಅವರನ್ನು ಕಂಡವನೇ ಎದ್ದು ನಿಂತು, ಅವರೇ ಮನೆಯ ಯಜಮಾನರೆಂದು ತಿಳಿದು, ನಿಮಗೆ ತುಂಬಾ ತೊಂದರೆ ಕೊಟ್ವಿ, ನಾವು ಇನ್ನೇನು ಹೊರಟ್ವಿ ಎಂದು ಕ್ಷಮೆ ಕೇಳಿದ. ಪೈಜಾಮದ ಮುಂಭಾಗ ಒದ್ದೆಯಾಗಿತ್ತು. ಆ ಹೆಂಗಸು ನಕ್ಕು ಪರವಾಗಿಲ್ಲ ಕೂತ್ಕೊಳ್ಳಿ ಎಂದಳು, ಒಳಗಿನ ಕೋಣೆಗಳನ್ನು ಬಾಗಿಲಲ್ಲೇ ನಿಂತು ನೋಡಿದಳು, ಮತ್ತು ಗೇಟು ದಾಟಿದ ಮೇಲೆ ಬಾಯಿ ತೆರೆದು ಒಮ್ಮೆ ಜೋರಾಗಿ ಉಸಿರೆಳೆದುಕೊಂಡಳು. ಅದುವರೆಗೂ ಉಸಿರು ಹಿಡಿದಿದ್ದಳು ಎಂಬುದು ಕಿಟಕಿಯಲ್ಲಿ ನಿಂತಿದ್ದ ಅವನಿಗೆ ಆಗ ಗೊತ್ತಾಯಿತು. ಅಂದಿನಿಂದ ಮನೆಗೆ ಬಂದವರ ಮೂಗನ್ನೇ ನೋಡುವ ಚಾಳಿ ಅವನಿಗೆ ಅಂಟಿಕೊಂಡಿದೆ. ಎರಡನೆಯ ಸಲ, ಮೂರನೆಯ ಸಲ ಅವನೇ ಅಣ್ಣನನ್ನು ಕರೆದುಕೊಂಡು ಪಾರ್ಕಿಗೆ ಹೋಗಿ ಕಲ್ಲುಬೆಂಚಿನ ಮೇಲೆ ಕೂತಿದ್ದ. ಇವತ್ತು ಪಕ್ಕದ ಮನೆಯ ಟೈಲರಮ್ಮನ ಹತ್ತಿರ ಅಣ್ಣನನ್ನು ಒಂದು ಗಂಟೆ ಇಟ್ಟುಕೊಳ್ಳುತ್ತೀರಾ ಎಂದು ಕೇಳಿದ್ದಕ್ಕೆ ಆಕೆ ಹಲ್ಲಿನ ನಡುವೆ ಇದ್ದ ಗುಂಡುಪಿನ್ನು ತೆಗೆಯದೆಯೇ, ಹೊಲಿಯಲು ಕೊಟ್ಟ ಬಟ್ಟೆಗಳೆಲ್ಲ ಕೆಳಗೇ ಹರಡಿವೆ, ಬೇಜಾರು ಮಾಡ್ಕೋಬೇಡಿ ಎಂದಿದ್ದಳು. ಬೇಜಾರಾಗಲಿಲ್ಲ. ಇಟ್ಟುಕೊಳ್ಳುತ್ತೀರಾ ಎಂಬ ತನ್ನದೇ ಮಾತು ಕಿವಿಯಲ್ಲಿ ಉಳಿಯಿತು, ಕೊಡೆಯನ್ನೋ ಚೀಲವನ್ನೋ ಇಟ್ಟುಕೊಳ್ಳಿ ಎಂದು ಕೇಳಿದಂತೆ.

ಕೊನೆಗೆ ಹಾಸಿಗೆಯನ್ನು ತನ್ನ ಮಂಚದ ಕೆಳಗೆ ತುರುಕಿದ. ರಬ್ಬರ್ ಹಾಳೆಯನ್ನು ಹಿತ್ತಲ ಬಕೆಟ್ಟಿನಲ್ಲಿ ಅದ್ದಿ ಮೇಲೆ ಇನ್ನೊಂದು ಬಕೆಟ್ಟು ಬೋರಲು ಹಾಕಿದ. ಮಾತ್ರೆ ಡಬ್ಬಿ, ಬಾಯಿ ಒರೆಸುವ ಟವೆಲು, ಬಚ್ಚಲಿನಲ್ಲಿ ಅಣ್ಣನಿಗೆಂದು ಇಟ್ಟ ಪ್ಲಾಸ್ಟಿಕ್ ಕುರ್ಚಿ, ಬಾಗಿಲ ಮೇಲೆ ಅವನೇ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದ್ದ 'ಬಚ್ಚಲು ಇಲ್ಲಿ' ಎಂಬ ಚೀಟಿ, ಒಂದೊಂದನ್ನೇ ಕಿತ್ತು ಒಳಗೆ ಸೇರಿಸುತ್ತಾ ಹೋದಂತೆ ಒಬ್ಬ ಮನುಷ್ಯನನ್ನು ಅಳಿಸಲು ಇಪ್ಪತ್ತು ನಿಮಿಷ ಸಾಕಾಯಿತಲ್ಲ ಎನ್ನಿಸಿತು. ಅಣ್ಣ ಊಟದ ಮೇಜಿನ ಬಳಿ ಕೂತು ಬ್ರೆಡ್ಡಿನ ಅಂಚನ್ನು ಸುಲಿದು ತಟ್ಟೆಯಲ್ಲಿ ಚೌಕವಾಗಿ ಜೋಡಿಸುತ್ತಿದ್ದ. ಬೆರಳು ಈಗಲೂ ನಡುಗುವುದಿಲ್ಲ. ಮೂವತ್ತೆರಡು ವರ್ಷ ಆಫೀಸಿನಲ್ಲಿ ಮನೆಗಳ ನಕ್ಷೆ ಬರೆದ ಬೆರಳು. ನೆನಪು ಹೋಗಿ ಮೂರು ವರ್ಷವಾಯಿತು. ಮೊದಲು ಬೀದಿಯ ಹೆಸರು, ಆಮೇಲೆ ವಾರ, ಆಮೇಲೆ ಅಮ್ಮ ಸತ್ತಿದ್ದು, ಹೀಗೆ ಒಂದು ಕ್ರಮದಲ್ಲೇ ಹೋಯಿತು, ಅಣ್ಣನ ಕೆಲಸವೆಲ್ಲ ಕ್ರಮವಾಗಿಯೇ ಇರುತ್ತಿದ್ದಂತೆ.

ಮನೆ ಮಾರಿದರೆ ಅಣ್ಣ ಹನ್ನೊಂದನೇ ಮಂಚಕ್ಕೆ ಹೋಗುತ್ತಾನೆ. ಅದು ಆಗಲೇ ಗೊತ್ತಾಗಿಬಿಟ್ಟಿತ್ತು. ಊರಾಚೆ ಅಂಥವರನ್ನು ನೋಡಿಕೊಳ್ಳುವ ಒಂದು ಜಾಗ, ಉದ್ದನೆಯ ಒಂದೇ ಕೋಣೆ, ಇಪ್ಪತ್ತು ಮಂಚ, ಎಲ್ಲರ ತಲೆಗೂದಲನ್ನೂ ಒಂದೇ ಸಮ ಕತ್ತರಿಸಿದ್ದರು. ಅಲ್ಲಿಯ ಮೇಲ್ವಿಚಾರಕ ಬಟ್ಟೆಗಳ ಮೇಲೆ ಮಂಚದ ನಂಬರು ಬರೆದು ತನ್ನಿ, ಹೆಸರು ಬೇಡ, ಒಗೆಯುವವರಿಗೆ ಗೊಂದಲ ಎಂದಿದ್ದ. ಹೆಂಡತಿ ಆರು ತಿಂಗಳಿಂದ ತನ್ನ ಸ್ಕೂಲಿನ ಹತ್ತಿರ ಬಾಡಿಗೆ ಕೋಣೆಯಲ್ಲಿದ್ದಾಳೆ. ಅವರಿರಬೇಕು ಇಲ್ಲ ನಾನಿರಬೇಕು ಎಂದು ಅವಳು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಜಗಳವಾಡಿ ಹಗುರವಾಗಬಹುದಿತ್ತು. ನಾಲ್ಕನೇ ಮಹಡಿಯಲ್ಲಿ ಎರಡು ಕೋಣೆಯ ಫ್ಲಾಟು ನೋಡಿಟ್ಟಿದ್ದಳು. ಅವನಿಗೆ ಆ ಫ್ಲಾಟು ಬೇಕಾಗಿತ್ತು. ಯಾರ ಉಚ್ಚೆಯ ವಾಸನೆಯೂ ಇಲ್ಲದ, ಬೆಳಗಿನ ತನಕ ಎಚ್ಚರವಾಗದ ನಿದ್ದೆ ಬೇಕಾಗಿತ್ತು. ಬೇಕು ಎನ್ನಲು ನಾಚಿಕೆಯಾಗುತ್ತಿತ್ತು, ಅಷ್ಟೇ.

ಮನೆ ಇಬ್ಬರ ಹೆಸರಿನಲ್ಲೂ ಇತ್ತು, ಮಾರುವ ಅಧಿಕಾರ ಕೊಡುವ ಕಾಗದಕ್ಕೆ ಅಣ್ಣನ ಸಹಿ ಬೇಕಿತ್ತು. ಎರಡು ತಿಂಗಳ ಹಿಂದೆ ಒಂದು ಬೆಳಿಗ್ಗೆ, ಅಣ್ಣನ ತಲೆ ಸ್ವಲ್ಪ ತಿಳಿಯಾಗಿದ್ದಂತೆ ಕಂಡಾಗ, ಆ ಕಾಗದವನ್ನು ಮುಂದಿಟ್ಟು, ಅಣ್ಣ, ಇದೊಂದು ನಕ್ಷೆ, ಸಹಿ ಹಾಕು ಎಂದಿದ್ದ. ಅಣ್ಣ ಕನ್ನಡಕ ಏರಿಸಿಕೊಂಡು ಹಾಳೆಯನ್ನು ನಾಲ್ಕೂ ಕಡೆ ತಿರುಗಿಸಿ ನೋಡಿದ. ಸಾಲು ಸಾಲು ಅಕ್ಷರ; ಒಂದೂ ಗೆರೆಯಿರಲಿಲ್ಲ. ಉತ್ತರ ದಿಕ್ಕು ಎಲ್ಲಿ ಎಂದು ಕೇಳಿದ. ಬಾಣದ ಗುರುತಿಲ್ಲದ ನಕ್ಷೆಗೆ ಅವನು ಸರ್ವೀಸಿನಲ್ಲಿ ಒಮ್ಮೆಯೂ ಸಹಿ ಹಾಕಿದವನಲ್ಲ. ಮೇಲಿನವರು ಕಣ್ಣು ಕೆಂಪಗೆ ಮಾಡಿದಾಗಲೂ ಹಾಕಿರಲಿಲ್ಲ. ತಮ್ಮನಾದವನು ಪೆನ್ನು ತೆಗೆದುಕೊಂಡು ಕಾಗದದ ಅಂಚಿನಲ್ಲಿ ಸಣ್ಣದೊಂದು ಬಾಣ ಬರೆದ. ಅಣ್ಣನಿಗೆ ಸಮಾಧಾನವಾಯಿತು. ಬಲಗಡೆ ಕೆಳಮೂಲೆಯಲ್ಲಿ, ನಕ್ಷೆ ಬರೆದವನು ಎಲ್ಲಿ ಹಾಕಬೇಕೋ ಅಲ್ಲಿ, ದುಂಡಗೆ ಸಹಿ ಹಾಕಿ, ಮಸಿ ಆರಲಿ ಎಂದು ಊದಿ ಕೊಟ್ಟ. ವಕೀಲರ ಗುಮಾಸ್ತ ಆ ಬಾಣ ಏನು ಎಂದು ಕೇಳಿದಾಗ ಪೆನ್ನು ಪರೀಕ್ಷೆ ಮಾಡಿದ್ದು ಎಂದುಬಿಟ್ಟಿದ್ದ. ಅಣ್ಣ ಹಾಳೆಯ ಮೇಲೆ ಊದಿದ ಆ ಉಸಿರು ಈಗಲೂ ಹೊತ್ತಲ್ಲದ ಹೊತ್ತಿನಲ್ಲಿ, ತನ್ನ ಕನ್ನಡಕದ ಅಂಗಡಿಯಲ್ಲಿ ಗಿರಾಕಿಯ ಕಣ್ಣಿಗೆ ಗಾಜು ಹಿಡಿದಿರುವಾಗ, ಕತ್ತಿನ ಹಿಂದೆ ತಗುಲಿದಂತಾಗುತ್ತದೆ.

ಅಡುಗೆಮನೆಗೂ ಊಟದ ಜಾಗಕ್ಕೂ ನಡುವೆ ಸ್ಟೋರಿತ್ತು. ಆರಡಿ ಉದ್ದ, ನಾಲ್ಕೂವರೆ ಅಡಿ ಅಗಲ. ಸಾಮಾನೆಲ್ಲ ಮೊದಲೇ ಖಾಲಿ ಮಾಡಿದ್ದರಿಂದ ಒಂದು ಕುರ್ಚಿ ಆರಾಮವಾಗಿ ಹಿಡಿಯುತ್ತಿತ್ತು. ಇದನ್ನು ಅವನು ಇವತ್ತು ಬೆಳಿಗ್ಗೆ ಯೋಚಿಸಿದ್ದಲ್ಲ. ಫೋನು ಇಟ್ಟ ಕೂಡಲೇ ಕಾಲು ತಾನಾಗಿ ಅಲ್ಲಿಗೆ ಹೋಗಿ ನಿಂತಿತ್ತು. ಕುರ್ಚಿಯ ಮೇಲೆ ದಿಂಬು ಹಾಕಿದ, ನೀರಿನ ಬಾಟಲಿ ಇಟ್ಟ. ಅಣ್ಣ, ಸ್ವಲ್ಪ ಹೊತ್ತು ಇಲ್ಲಿ ಕೂತಿರು, ಹೊರಗೆ ಜನ ಬರ್ತಾರೆ, ಮಾತಾಡಬೇಡ, ನಾನು ಕರೆಯೋ ತನಕ ಏಳಬೇಡ ಎಂದ. ಅಣ್ಣ ಒಳಗೆ ಹೋಗಿ ಕೂತು ಗೋಡೆಗಳನ್ನು ಮೇಲಿನಿಂದ ಕೆಳಗೆ ನೋಡಿದ. "ಇದಕ್ಕೆ ಕಿಟಕಿ ಇಲ್ವಲ್ಲ" ಎಂದ. ಇಲ್ಲ ಎಂದ ಇವನು. ಸ್ಟೋರಿನ ಬಲ್ಬಿನ ಸ್ವಿಚ್ಚು ಹೊರಗಡೆ ಗೋಡೆಯಲ್ಲಿತ್ತು. ದೀಪ ಉರಿಯುತ್ತಿದ್ದರೆ ಬಾಗಿಲ ಕೆಳಗಿನ ಸಂದಿಯಲ್ಲಿ ಬೆಳಕು ಕಾಣುತ್ತದೆ ಎಂದು ನಿನ್ನೆ ಮೊನ್ನೆಯೆಲ್ಲ ಯಾರೂ ಯೋಚಿಸಿರಲಿಲ್ಲ, ಈಗ ಅವನು ಯೋಚಿಸಿದ. ಬಾಗಿಲು ಹಾಕಿ, ಚಿಲಕ ಎಳೆದು, ಅದಕ್ಕೆ ಸೈಕಲ್ಲಿನ ಬೀಗ ಸಿಕ್ಕಿಸಿ, ಗೇಟಿನ ಸದ್ದಾದ ಮೇಲೆ ದೀಪ ಆರಿಸಿದ.

ಬಂದವರು ಮೂವರು: ಬೇಕರಿ ಇಟ್ಟುಕೊಂಡ ಒಬ್ಬಾತ, ಅವನ ಹೆಂಡತಿ, ಹೆಂಡತಿಯ ತಾಯಿ. ಮುದುಕಿ ಕೋಲು ಊರಿಕೊಂಡು ಗೇಟಿನಿಂದ ಬಾಗಿಲ ತನಕ ನಡೆದು, ಹೊಸ್ತಿಲ ಹತ್ತಿರ ಕಾಲೆತ್ತಲು ಸಿದ್ಧಳಾಗಿ, ಎತ್ತಬೇಕಾಗಿಲ್ಲವೆಂದು ತಿಳಿದು ಪಾದವನ್ನು ಮೆಲ್ಲಗೆ ಇಳಿಸಿದಳು. ಒಂದೂ ಮೆಟ್ಟಿಲಿಲ್ಲ ಎಂದ ಅವನು. ಅವನ ದನಿ ಅಂಗಡಿಯ ದನಿಯಾಗಿತ್ತು. ಗೇಟಿನಿಂದ ಹಿತ್ತಲ ತನಕ ಒಂದೇ ಮಟ್ಟ, ಎಲ್ಲೂ ಕಾಲು ಎಡವುವುದಿಲ್ಲ, ವಯಸ್ಸಾದವರಿರುವ ಮನೆಗೆ ಇದೇ ಬೇಕು ಎಂದ. ಅದು ಅಣ್ಣನ ಮಾತು. ನಕ್ಷೆ ಬರೆಯುವಾಗ ಅಮ್ಮನಿಗೆ ಮಂಡಿನೋವು. ಎಲ್ಲರೂ ಮೇಲೊಂದು ಮಹಡಿ ಎಬ್ಬಿಸಿ ಬಾಡಿಗೆಗೆ ಕೊಡು ಎಂದರೆ ಅಣ್ಣ ಪೆನ್ಸಿಲಿನ ತುದಿ ನೋಡುತ್ತಾ, ಅಮ್ಮನನ್ನು ಕೆಳಗೆ ಬಿಟ್ಟು ಮೇಲೆ ಹೋಗಿ ಏನು ಮಾಡೋಣ ಎಂದು ಕೇಳುತ್ತಿದ್ದ. ಹಾಲ್‌ಗೆ ಬಂದರು. ಪೂರ್ವದ ಎರಡು ಕಿಟಕಿಗಳಿಂದ ಬಿಸಿಲು ಬಂದು ನೆಲದ ಮೇಲೆ ಬಿದ್ದಿತ್ತು. ಬೆಳಿಗ್ಗೆ ಬಿಸಿಲು ಈ ಗೋಡೆ ಮುಟ್ಟುವ ತನಕ ಬರುತ್ತದೆ, ಮಧ್ಯಾಹ್ನ ಬಿಸಿ ತಗಲುವುದಿಲ್ಲ ಎಂದ. ಎಡಕ್ಕೆ ಎರಡು ಮಲಗುವ ಕೋಣೆ, ನಡುವೆ ಬಚ್ಚಲು, ಎರಡೂ ಕಡೆಯಿಂದ ಬಾಗಿಲು. ಬಲಕ್ಕೆ ಊಟದ ಜಾಗ, ಅದರ ಹಿಂದೆ ಅಡುಗೆಮನೆ, ಅಲ್ಲಿಂದ ಹಿತ್ತಲು. ಇಲ್ಲಿ ಈ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತರೆ ಎಲ್ಲಾ ಬಾಗಿಲೂ ಕಾಣುತ್ತದೆ, ಯಾರು ಬಂದರು ಯಾರು ಹೋದರು ಎಲ್ಲ ತಿಳಿಯುತ್ತದೆ ಎಂದ. ಮುದುಕಿ ಆ ಮೂಲೆಗೆ ಹೋಗಿ, ನಿಂತಲ್ಲೇ ಕೂತವಳಂತೆ ಸ್ವಲ್ಪ ಬಗ್ಗಿ, ಒಂದೊಂದೇ ಬಾಗಿಲು ನೋಡಿದಳು. ಅಮ್ಮ ಕೂತಲ್ಲಿಂದಲೇ ಎಲ್ಲರನ್ನೂ ಬೈಯಲಿ ಅಂತ ಹೀಗೆ ಬರೆದಿದ್ದೀನಿ ಎಂದು ಅಣ್ಣ ನಗಿಸಿದ್ದು ನೆನಪಾಯಿತು. ಅಮ್ಮ ಹನ್ನೆರಡು ವರ್ಷ ಅಲ್ಲಿ ಕೂತು ಬೈದಳು, ಅಲ್ಲೇ ಕತ್ತು ವಾಲಿಸಿದಳು.

ಅವನಿಗೆ ಒಂದು ವಿಚಿತ್ರ ಶುರುವಾಗಿತ್ತು. ಅಂಗಡಿಯಲ್ಲಿ ಗಿರಾಕಿಗಳನ್ನು ಕೂರಿಸಿ, ಕಣ್ಣ ಮುಂದೆ ಒಂದರ ಮೇಲೊಂದು ಗಾಜು ಬದಲಿಸುತ್ತಾ, ಈಗ ಚೆನ್ನಾಗಿದೆಯಾ, ಆಗ ಚೆನ್ನಾಗಿತ್ತಾ ಎಂದು ಕೇಳುವುದು ಅವನ ದಿನದ ಕೆಲಸ. ಈಗ ತನ್ನ ಕಣ್ಣಿಗೇ ಯಾರೋ ಗಾಜು ಬದಲಿಸಿದ ಹಾಗೆ ಮನೆ ಚೆನ್ನಾಗಿ ಕಾಣತೊಡಗಿತು. ಮೂರು ವರ್ಷದಿಂದ ಅದು ಅವನಿಗೆ ಮನೆಯಾಗಿರಲಿಲ್ಲ. ಅಣ್ಣ ಎಲ್ಲಿ ಬೀಳಬಹುದು, ಎಲ್ಲಿ ಒದ್ದೆ ಮಾಡಿರಬಹುದು, ಯಾವ ಬಾಗಿಲು ತೆಗೆದು ಬೀದಿಗೆ ಹೋಗಿಬಿಡಬಹುದು ಎಂಬ ಲೆಕ್ಕವಾಗಿತ್ತು. ಈ ಬೆಳಕು ಎಷ್ಟು ದಿನದಿಂದ ಇಲ್ಲಿ ಬೀಳುತ್ತಿತ್ತೋ. ಕಿಟಕಿಯ ಮರದ ಮೇಲೆ ಕೈಯಾಡಿಸುತ್ತಾ ಅವನು ದಲ್ಲಾಳಿ ಹೇಳಿಕೊಟ್ಟಿದ್ದಕ್ಕಿಂತ ಹೆಚ್ಚು ಮಾತಾಡಿದ, ಕೇಳದಿದ್ದದ್ದನ್ನೂ ಹೇಳಿದ. ಗಾಳಿ ಈ ಕಿಟಕಿಯಲ್ಲಿ ಬಂದು ಆ ಕಿಟಕಿಯಲ್ಲಿ ಹೋಗುತ್ತದೆ. ಯಾವ ಕೋಣೆಯೂ ಇನ್ನೊಂದು ಕೋಣೆಯ ದಾರಿಯಲ್ಲ. ಕತ್ತಲೆಯ ಮೂಲೆ ಅಂತ ಈ ಮನೆಯಲ್ಲಿ ಒಂದೂ ಇಲ್ಲ. ಕೊನೆಯ ಮಾತು ಬಾಯಿಂದ ಬಿದ್ದ ಮೇಲೆ ಅವನಿಗೆ ಕಿವಿ ಬಿಸಿಯಾಯಿತು, ಆದರೂ ಬೇಕರಿಯವನ ಹೆಂಡತಿ ತಲೆಯಾಡಿಸುತ್ತಿದ್ದಳು, ಅವಳ ಮೂಗು ಸರಾಗವಾಗಿ ಉಸಿರಾಡುತ್ತಿತ್ತು.

ಅವಳು ಚೀಲದಿಂದ ಅಳತೆಯ ಟೇಪು ತೆಗೆದು ಕಿಟಕಿಯ ಅಗಲ, ಕಪಾಟಿನ ಆಳ ಎಲ್ಲ ಅಳೆದಳು. ಬೇಕರಿಯವನು ತಾರಸಿಯ ಕಡೆ ಕೈ ಮಾಡಿ, ಮೇಲೊಂದು ಎಬ್ಬಿಸಬಹುದಾ, ಪಾಯ ತಡೆಯುತ್ತಾ ಎಂದು ಕೇಳಿದ. ತಡೆಯುವುದಿಲ್ಲ. ಅಣ್ಣ ಒಂದೇ ಅಂತಸ್ತಿಗೆಂದು ಲೆಕ್ಕ ಹಾಕಿ ಹಾಕಿಸಿದ ಪಾಯ. ಇಂಜಿನಿಯರ್ ಒಬ್ಬರಿಗೆ ತೋರಿಸಿ, ಏನಾದರೂ ದಾರಿ ಇದ್ದೇ ಇರುತ್ತೆ ಎಂದ ಅವನು. ಅಷ್ಟು ಹೇಳಿ ಸ್ಟೋರಿನ ಬಾಗಿಲ ಕಡೆ ನೋಡಿದ. ಆ ಬಾಗಿಲಾಚೆ ಕೂತವನಿಗೆ ಒಂದು ಸುಳ್ಳೂ ಸಹಿಸಲಾಗುತ್ತಿರಲಿಲ್ಲ, ನೆನಪಿದ್ದಾಗ. ಮನೆ ಕಟ್ಟುವಾಗ ಹಗಲು ಕೆಲಸದವರ ಹತ್ತಿರ ನಿಲ್ಲುತ್ತಿದ್ದುದು ತಮ್ಮ. ಅಣ್ಣ ಆಫೀಸು ಬಿಟ್ಟು ಸಂಜೆ ಬರುತ್ತಿದ್ದ. ನಕ್ಷೆಯಲ್ಲಿ ಸ್ಟೋರಿಗೆ ಎರಡಡಿಯ ಕಿಟಕಿಯಿತ್ತು. ಡಬ್ಬ ಇಡುವ ಕೋಣೆಗೆ ಕಿಟಕಿ ಯಾಕೆ, ಆ ಗೋಡೆಗೆ ಹಲಗೆ ಹೊಡೆಸೋಣ ಎಂದು ಮೇಸ್ತ್ರಿಗೆ ಹೇಳಿ ಮುಚ್ಚಿಸಿದ್ದು ಇವನು. ಸಂಜೆ ಅಣ್ಣ ಬಂದು ಹಸಿ ಗೋಡೆ ನೋಡಿ ಒಂದು ಮಾತೂ ಬೈಯಲಿಲ್ಲ. ಮನೆಗೆ ಹೋಗಿ ನಕ್ಷೆ ಬಿಡಿಸಿಕೊಂಡು ಕೂತು, ಬ್ಲೇಡಿನಿಂದ ಆ ಕಿಟಕಿಯ ಗೆರೆಗಳನ್ನು ಕೆರೆದು ತೆಗೆದು ಅಲ್ಲಿ ಗೋಡೆ ಬರೆದ. ನಕ್ಷೆ ಇರೋದನ್ನ ಹೇಳಬೇಕು ಕಣೋ ಎಂದಿದ್ದ. ತಮ್ಮನಿಗೆ ಆಗ ನಗು ಬಂದಿತ್ತು. ಇಪ್ಪತ್ತು ವರ್ಷದ ಹಿಂದಿನ ಆ ನಗು ಈಗ ಬೇಕರಿಯವನೆದುರು ನಿಂತವನ ಮುಖದ ಮೇಲೆ ಯಾಕೋ ಹಾಗೇ ಉಳಿದುಕೊಂಡಿತ್ತು.

ಊಟದ ಜಾಗದಲ್ಲಿ ಬೇಕರಿಯವನ ಹೆಂಡತಿ ಗೋಡೆಯ ಸ್ವಿಚ್ಚುಗಳನ್ನು ಒಂದೊಂದಾಗಿ ಒತ್ತಿ ನೋಡುತ್ತಿದ್ದಳು. ಇದು ಫ್ಯಾನು, ಇದು ಈ ದೀಪ, ಇದು ಯಾವುದು ಎಂದು ಮೂರನೆಯದನ್ನು ಒತ್ತಿ ತಾರಸಿಯತ್ತ ತಲೆಯೆತ್ತಿದಳು. ಸ್ಟೋರಿನ ಬಾಗಿಲ ಕೆಳಗೆ ಹಳದಿ ಗೆರೆಯೊಂದು ಎದ್ದಿತು. ಆ ಗೆರೆ ಎರಡು ಕಡೆ ತುಂಡಾಗಿತ್ತು. ಅಣ್ಣ ಕುರ್ಚಿಯಲ್ಲಿ ಕೂತಿರಲಿಲ್ಲ. ಬಾಗಿಲಿಗೆ ತಾಗಿ ನಿಂತಿದ್ದ, ಅವನ ಎರಡು ಪಾದಗಳು ಬೆಳಕನ್ನು ತಡೆದಿದ್ದವು. ಅದು ಸ್ಟೋರಿಂದು ಎಂದು ಅವನು ಕೈ ಚಾಚಿ ದೀಪ ಆರಿಸಿದ. ಸ್ಟೋರು ನೋಡಬಹುದಾ ಎಂದಳು. ಕೀಲಿ ಅಂಗಡಿಯಲ್ಲಿ ಉಳಿದುಬಿಟ್ಟಿದೆ, ಆರಡಿಗೆ ನಾಲ್ಕೂವರೆ, ಒಳ್ಳೆ ಜಾಗ ಎಂದ. ಜೇಬಿನಲ್ಲಿದ್ದ ಕೀಲಿ ತೊಡೆಗೆ ಒತ್ತುತ್ತಿತ್ತು. ಆಗ ಒಳಗೆ ಏನೋ ತಗುಲಿದ ಸದ್ದಾಯಿತು, ನೀರಿನ ಬಾಟಲಿ ಇರಬೇಕು, ಉರುಳಿಕೊಂಡು ಹೋಗಿ ಗೋಡೆಗೆ ಬಡಿಯಿತು.

"ಇಲಿ ಇದೆಯಾ?" ಎಂದಳು ಆಕೆ, ಒಂದು ಹೆಜ್ಜೆ ಹಿಂದೆ ಸರಿದು.

"ಒಂದಿದೆ" ಎಂದ ಅವನು. "ಔಷಧಿ ಇಡ್ತೀವಿ. ನೀವು ಬರೋ ಹೊತ್ತಿಗೆ ಇರಲ್ಲ."

ಮುದುಕಿ ಹಾಲ್‌ನ ಮೂಲೆಯಿಂದಲೇ, ಹಳೇ ಮನೆ ಅಂದ ಮೇಲೆ ಇಲಿ ಇರದೆ ಇರ್ತವಾ, ನಮ್ಮ ಬೇಕರಿ ಇಲಿಗಳ ಮುಂದೆ ಇದೆಲ್ಲ ಎಷ್ಟರದು ಎಂದು ನಕ್ಕಳು. ಎಲ್ಲರೂ ನಕ್ಕರು, ಅವನೂ ನಕ್ಕ. ಅಡುಗೆಮನೆಯಲ್ಲಿ ದಲ್ಲಾಳಿ ಹೇಳಿದ್ದೇ ಆಯಿತು. ಬೇಕರಿಯವನ ಹೆಂಡತಿ ಒಲೆಯ ಕಟ್ಟೆಯ ಮುಂದೆ ನಿಂತು, ಎಡಕ್ಕೆ ಕೈ ಚಾಚಿ ಕಪಾಟು ಮುಟ್ಟಿದಳು, ಬಲಕ್ಕೆ ಚಾಚಿ ನಲ್ಲಿ ಮುಟ್ಟಿದಳು, ಕಿಟಕಿಯಿಂದ ಹಿತ್ತಲು ನೋಡಿದಳು. ಈ ಕಟ್ಟೆ ಅಳತೆ ಮಾಡಿ ಬರೆದವರು ಅಡುಗೆ ಮಾಡಿ ಗೊತ್ತಿರೋರು ಎಂದಳು ಕೊನೆಗೆ. ಅಮ್ಮನನ್ನು ಗೋಡೆಗೆ ನಿಲ್ಲಿಸಿ ಅವಳ ಮೊಣಕೈ ಎತ್ತರಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಂಡಿದ್ದ ಅಣ್ಣ. ಅದನ್ನು ಹೇಳಲು ಅವನ ಬಾಯಿ ತೆರೆಯಿತು. ಹೇಳಿದರೆ, ಅಣ್ಣ ಈಗ ಎಲ್ಲಿದ್ದಾರೆ ಎಂದು ಕೇಳುತ್ತಾರೆ. ಯಾರೋ ಡ್ರಾಫ್ಟ್ಸ್‌ಮನ್ ಹತ್ತಿರ ಬರೆಸಿದ್ದು ಎಂದ.

ಗೇಟಿನ ಬಳಿ ಬೇಕರಿಯವನು ಕೈ ಕುಲುಕಿ, ನಮಗೆ ಹಿಡಿಸಿದೆ, ಸಂಜೆ ದಲ್ಲಾಳಿಗೆ ಫೋನು ಮಾಡಿ ಮುಗಿಸಿಬಿಡ್ತೀವಿ ಎಂದ. ಮುದುಕಿ ಹೋಗುವಾಗಲೂ ಹೊಸ್ತಿಲ ಮೇಲೆ ಪಾದ ಇಳಿಸಿ ಒಮ್ಮೆ ಒತ್ತಿ ನೋಡಿದಳು. ಅವರು ಬೀದಿಯ ತಿರುವಿನಲ್ಲಿ ಮರೆಯಾದರು. ಅವನು ಒಳಗೆ ಬಂದು ಬಾಗಿಲು ಹಾಕಿದ. ಮುಗಿಯಿತು ಎನ್ನಿಸಿತು. ಈಗ ಹೋಗಿ ಬೀಗ ತೆಗೆಯಬೇಕು. ಅವನು ಹೋಗಲಿಲ್ಲ. ಅಮ್ಮ ಕೂರುತ್ತಿದ್ದ ಮೂಲೆಯಲ್ಲಿ ಕುರ್ಚಿ ಎಳೆದುಕೊಂಡು ಕೂತ. ಒಂದೊಂದೇ ಬಾಗಿಲು ನೋಡಿದ. ಯಾವ ಬಾಗಿಲಿನಿಂದಲೂ ಯಾರೂ ಬರಲಿಲ್ಲ, ಯಾರೂ ಇವತ್ತು ಯಾವ ವಾರ ಎಂದು ಕೇಳಲಿಲ್ಲ. ಮನೆ ತೊಳೆದಿಟ್ಟ ತಟ್ಟೆಯಂತೆ ಸುಮ್ಮನಿತ್ತು. ಬಿಸಿಲು ಗೋಡೆಯಿಂದ ಹಿಂದೆ ಸರಿಯುತ್ತಿದ್ದುದನ್ನು ನೋಡುತ್ತಾ, ಇನ್ನೈದು ನಿಮಿಷ ಎಂದುಕೊಂಡ. ಗಡಿಯಾರ ನೋಡಿದಾಗ ಇಪ್ಪತ್ತೈದು ನಿಮಿಷ ಆಗಿತ್ತು. ಅಣ್ಣ ಅಲ್ಲಿ ಕತ್ತಲಲ್ಲಿ ನಿಂತಿದ್ದಾನೆ ಎಂಬುದು ಅವನಿಗೆ ಆ ಇಪ್ಪತ್ತೈದು ನಿಮಿಷವೂ ಗೊತ್ತಿತ್ತು. ಮರೆತಿದ್ದೆ ಎಂದು ಹೇಳಿಕೊಳ್ಳುವ ಹಾಗೂ ಇರಲಿಲ್ಲ. ಮರೆಯುವ ಕಾಯಿಲೆ ಈ ಮನೆಯಲ್ಲಿ ಒಬ್ಬನಿಗಷ್ಟೇ ಇತ್ತು.

ಬೀಗ ತೆಗೆದಾಗ ಅಣ್ಣ ಬಾಗಿಲಿಗೆ ಹಣೆ ತಾಗಿಸಿಕೊಂಡು ನಿಂತಿದ್ದವನು ಬೆಳಕಿಗೆ ಕಣ್ಣು ಕಿರಿದು ಮಾಡಿದ. ಪೈಜಾಮ ಒದ್ದೆಯಾಗಿತ್ತು, ಕಾಲ ಬಳಿ ನೀರೋ ಮತ್ತೊಂದೋ ಹರಡಿತ್ತು. ಅಣ್ಣ ಪಿಸುದನಿಯಲ್ಲಿ ಕೇಳಿದ.

"ಹೋದ್ರಾ? ನಾನು ಮಾತಾಡ್ಲಿಲ್ಲ."

ಹೋದರು, ಬಾ ಎಂದು ಕೈ ಹಿಡಿದು ಹೊರಗೆ ಕರೆತಂದ. ಕೈ ತಣ್ಣಗಿತ್ತು. ಬಟ್ಟೆ ಬದಲಿಸಿದ, ಕಾಲು ಒರೆಸಿದ, ತನ್ನದೇ ಒಗೆದ ಪೈಜಾಮ ತೊಡಿಸಿ ಹಾಲ್‌ನಲ್ಲಿ ಕೂರಿಸಿದ. ಅಣ್ಣನ ಮುಖದಲ್ಲಿ ಬಹಳ ದಿನದಿಂದ ಕಾಣದ ಒಂದು ಗಮನವಿತ್ತು, ಆಫೀಸಿನಲ್ಲಿ ಹೊಸ ನಕ್ಷೆ ಮೇಜಿಗೆ ಬಂದಾಗ ಇರುತ್ತಿದ್ದಂಥದ್ದು.

"ಆ ಮನೆ ಯಾರದು?" ಎಂದ.

"ಯಾವ ಮನೆ?"

"ನೀನು ಹೇಳ್ತಿದ್ದೆಯಲ್ಲ. ಬೆಳಿಗ್ಗೆ ಬಿಸಿಲು ಗೋಡೆ ಮುಟ್ಟೋ ತನಕ ಬರುತ್ತೆ ಅಂತ. ಒಂದೂ ಮೆಟ್ಟಿಲಿಲ್ಲ ಅಂತ. ಕೂತಲ್ಲಿಂದ ಎಲ್ಲಾ ಬಾಗಿಲೂ ಕಾಣುತ್ತೆ ಅಂದೆ." ಅಣ್ಣ ತೊಡೆಯ ಮೇಲೆ ಬೆರಳಿನಿಂದ ಒಂದು ಚೌಕ ಎಳೆದ, ಅದರೊಳಗೆ ಇನ್ನೊಂದು ಚೌಕ. "ಬರೆದೋನು ತಿಳಿದೋನು. ಮನೇಲಿ ಅಮ್ಮನ್ನ ಇಟ್ಕೊಂಡಿರೋನು ಬರೆದಿರೋದು ಅದು."

ಒದ್ದೆ ಪೈಜಾಮ ಇನ್ನೂ ತಮ್ಮನ ಕೈಯಲ್ಲೇ ಇತ್ತು.

"ನಾವೂ ಅಲ್ಲಿಗೇ ಹೋಗೋಣ ಕಣೋ" ಎಂದ ಅಣ್ಣ. "ಇಲ್ಲಿ ಕತ್ತಲೆ."

ಹೋಗೋಣ ಎಂದುಬಿಡಬಹುದಿತ್ತು. ಹತ್ತು ನಿಮಿಷದಲ್ಲಿ ಮರೆಯುವವನಿಗೆ ಏನು ಹೇಳಿದರೂ ನಡೆಯುತ್ತದೆ, ಮೂರು ವರ್ಷದಿಂದ ಹಾಗೆಯೇ ನಡೆದಿತ್ತು. ಆದರೆ ಬಾಯಿಗೆ ಬಂದದ್ದು ಬೇರೆ. ಅದನ್ನ ಅವರು ತಗೊಂಡ್ರು ಅಣ್ಣ ಎಂದ. ಹೋಗಲಿ ಬಿಡು, ಚೆನ್ನಾಗಿರ್ಲಿ ಎಂದ ಅಣ್ಣ. ಆಮೇಲೆ ಏನೋ ಹೊಳೆದವನಂತೆ, ಸ್ಟೋರಿಗೊಂದು ಕಿಟಕಿ ಇಡೋಕೆ ಹೇಳು ಅವರಿಗೆ, ಇಲ್ದಿದ್ರೆ ಒಳಗಿರೋರಿಗೆ ಕಷ್ಟ ಎಂದ. ಕಿಟಕಿಯ ಕಟ್ಟೆಯ ಮೇಲೆ ಬೇಕರಿಯವನ ಹೆಂಡತಿಯ ಟೇಪು ಮರೆತುಹೋಗಿ ಉಳಿದಿತ್ತು. ಅಣ್ಣನ ಕಣ್ಣು ಅದರ ಮೇಲೆ ಬಿತ್ತು. ಎದ್ದು ಹೋಗಿ ತೆಗೆದುಕೊಂಡು, ತುದಿಯನ್ನು ತಮ್ಮನ ಕೈಗೆ ಕೊಟ್ಟು, ಹಿಡ್ಕೋ, ಅಲ್ಲಾಡಿಸಬೇಡ ಎಂದು ಹೇಳಿ, ಮನೆ ಕಟ್ಟುವಾಗ ಪ್ರತಿ ಸಂಜೆ ಹೇಳುತ್ತಿದ್ದ ಅದೇ ದನಿಯಲ್ಲಿ ಹೇಳಿ, ಹಿಮ್ಮುಖವಾಗಿ ಹೆಜ್ಜೆಯಿಡುತ್ತಾ ಎದುರು ಗೋಡೆಯ ತನಕ ಹೋದ. ಹೆಜ್ಜೆ ತಡವರಿಸಲಿಲ್ಲ. ಬಗ್ಗಿ ಓದಿ, ಹನ್ನೆರಡು ಎಂದ. ಹೌದು, ಹನ್ನೆರಡೇ. ಹಾಲ್‌ನ ಅಗಲ ಹನ್ನೆರಡು ಅಡಿ, ಇಬ್ಬರ ನಡುವೆ ಟೇಪು ಬಿಗಿಯಾಗಿ ನಿಂತಿತ್ತು. ಅವನಿಗೆ ಎಲ್ಲವನ್ನೂ ಹೇಳಿಬಿಡಬೇಕು ಎನ್ನಿಸಿತು. ಕಾಗದದ ಅಂಚಿನ ಬಾಣವನ್ನು, ಹನ್ನೊಂದನೇ ಮಂಚವನ್ನು, ಆ ಇಪ್ಪತ್ತೈದು ನಿಮಿಷವನ್ನು. ಸಂಜೆ ದಲ್ಲಾಳಿಗೆ ಫೋನು ಮಾಡಿ ಮಾರುವುದಿಲ್ಲ ಎಂದುಬಿಡಬೇಕು. ನಿಜವಾಗಿಯೂ ಹಾಗನ್ನಿಸಿತು.

"ಅಣ್ಣ, ಆ ಮನೆ..." ಎಂದ.

ಬಾಗಿಲ ಗಂಟೆ ಬಡಿಯಿತು. ಹೊರಗಿನಿಂದ ಬೇಕರಿಯವನ ಹೆಂಡತಿಯ ದನಿ, ಟೇಪು ಬಿಟ್ಟುಹೋಗಿದ್ದೀನಿ ಅನ್ಸುತ್ತೆ, ಒಂದ್ನಿಮಿಷ ತೆಗೀತೀರಾ ಎಂದಿತು. ಅವನು ಬಾಗಿಲ ಕಡೆ ತಿರುಗಿದ. ಅಷ್ಟರಲ್ಲಿ ಟೇಪು ಸರ್ರನೆ ಸುತ್ತಿಕೊಂಡಿತು. ಅಣ್ಣ ಅದನ್ನು ತಂದು ಅವನ ಅಂಗೈಯಲ್ಲಿಟ್ಟ. ಆಮೇಲೆ, ಬಚ್ಚಲು ಎಲ್ಲಿದೆ ಎಂಬುದು ತಿಳಿಯದ, ಅಮ್ಮ ಸತ್ತಿದ್ದು ತಿಳಿಯದ ಅಣ್ಣ, ಯಾರೂ ಹೇಳದೆಯೇ, ಊಟದ ಮೇಜನ್ನು ಬಳಸಿಕೊಂಡು ನೇರವಾಗಿ ಸ್ಟೋರಿಗೆ ನಡೆದು, ಒಳಗೆ ಹೋಗಿ, ಬಾಗಿಲನ್ನು ತಾನೇ ಎಳೆದುಕೊಂಡ. ತಮ್ಮ ಹಿಂದೆಯೇ ಹೋಗಿ ಬಾಗಿಲ ಮುಂದೆ ನಿಂತ. ಗಂಟೆ ಎರಡನೆಯ ಸಲ ಬಡಿಯಿತು.

"ಬೀಗ ಮರೀಬೇಡ" ಎಂದು ಒಳಗಿನಿಂದ ಪಿಸುದನಿ ಬಂತು.

ಅವನು ಮರೆಯಲಿಲ್ಲ. ಬೀಗ ಒತ್ತಿ, ಕೀಲಿಯನ್ನು ಜೇಬಿಗೆ ಹಾಕಿಕೊಂಡು, ಟೇಪು ಹಿಡಿದು ಬಾಗಿಲು ತೆಗೆಯಲು ಹೋದ.